ಪೈಪಿನ ಪಕ್ಕೆಯ ವಿಭೂತಿ

ಹೋದ ವಾರ ಹಾಸನದ ಸ್ಕ್ಯಾನಿಂಗ್ ಸೆಂಟರೊಂದರಲ್ಲಿ ಅಂಗಿ ಮೇಲೆತ್ತಿಕೊಂಡು ಮಲಗಿದ್ದೆ. ನನ್ನ ಹೊಟ್ಟೆಯಲ್ಲಿ ಕಲ್ಲಿದೆಯೋ ಬರೀ ಅನುಮಾನವಿದೆಯೋ ತೀರ್ಮಾನವಾಗಬೇಕಿತ್ತು. ಮಗಳ ವಯಸ್ಸಿನ ಡಾಕ್ಟರಮ್ಮ ಟ್ಯೂಬು ಹಿಂಡಿ ತಣ್ಣನೆಯ ಜೆಲ್ಲನ್ನು ಹೊಟ್ಟೆಗೆ ಬಳಿದರು. ನಿಮಗಾದರೆ ಆ ಅಂಟಿನಿಂದ ಆಸ್ಪತ್ರೆ ನೆನಪಾಗಬಹುದು. ನನಗೆ ಹೇಮಾವತಿ ದಂಡೆಯ ಒಂದು ಪಂಪ್‌ಹೌಸು ನೆನಪಾಯಿತು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಪೈಪನ್ನು ಕೊಯ್ಯದೆ, ತೂತು ಮಾಡದೆ, ಒಳಗೆ ಎಷ್ಟು ನೀರು ಹರಿಯುತ್ತಿದೆ ಎಂದು ಹೊರಗಿನಿಂದಲೇ ಹೇಳುವ ಮೀಟರೊಂದು ಆಗ ನಮ್ಮ ಕಂಪನಿಗೆ ಬಂದಿತ್ತು. ಬೆಂಕಿಪೊಟ್ಟಣದಂಥ ಎರಡು ಸೆನ್ಸರುಗಳು. ಜೆಲ್ ಬಳಿದು, ಪಟ್ಟಿ ಬಿಗಿದು ಪೈಪಿನ ಮೇಲೆ ಕೂರಿಸಿದರೆ ಒಂದು ಕೂಗುತ್ತದೆ, ಇನ್ನೊಂದು ಕೇಳಿಸಿಕೊಳ್ಳುತ್ತದೆ. ಆ ಕೂಗು ಮನುಷ್ಯರ ಕಿವಿಗೆ ಬೀಳುವಂಥದ್ದಲ್ಲ. ಎರಡು ದಿನದ ತರಬೇತಿ ಪಡೆದಿದ್ದ ನಾನು ಆ ಮೀಟರಿಗೆ ಜಿಲ್ಲೆಗೆಲ್ಲ ಒಬ್ಬನೇ ತಜ್ಞ. ಅದರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಾಗ ಅರಕಲಗೂಡು ಕಡೆಯ ಅಜ್ಜಿಯೊಬ್ಬರು, "ಆರ್ಮೋನಿಯಮ್ಮಾ ಮಗಾ? ಯಾವೂರ್ನಲ್ಲಿ ನಾಟ್ಕ?" ಎಂದು ಕೇಳಿದರು. ಉತ್ತರಿಸಿದರೆ ನನ್ನ ಘನತೆಗೆ ಕುಂದೆಂದು ಕಿಟಕಿಯಾಚೆ ನೋಡಿದೆ.

ಹೊಳೆನರಸೀಪುರದಾಚೆಯ ಆ ಪಂಪ್‌ಹೌಸಿಗೆ ಸಣ್ಣಸ್ವಾಮಿ ಎನ್ನುವವರು ಆಪರೇಟರ್. ಹನ್ನೊಂದು ವರ್ಷದಿಂದ ದಿನಗೂಲಿ. ಖಾಯಂ ಆಗುವವರ ಪಟ್ಟಿಯಲ್ಲಿ ಆಗಷ್ಟೇ ಹೆಸರು ಬಂದಿತ್ತು, ಅದರ ಬೆನ್ನಿಗೇ ದೂರೂ ಬಂದಿತ್ತು: ಊರಿನ ಟ್ಯಾಂಕು ತುಂಬುತ್ತಿಲ್ಲ, ಇವರು ಪಂಪ್‌ಹೌಸಿನೊಳಗೇ ನೀರನ್ನು ಅಕ್ಕಪಕ್ಕದ ತೋಟಗಳಿಗೆ ತಿರುಗಿಸುತ್ತಾರೆ ಎಂದು. ಅಲ್ಲಿಂದ ಹೊರಡುವ ಪೈಪಿನಲ್ಲಿ ಪೂರ್ತಿ ನೀರಿದ್ದರೆ ಅವರು ಬಚಾವು, ಕಡಿಮೆಯಿದ್ದರೆ ಕೆಲಸ ಹೋಯಿತು. ಅದನ್ನು ನನ್ನ ಪೆಟ್ಟಿಗೆ ಹೇಳಬೇಕಿತ್ತು.

"ಇದು ಎಂಗ್ ಏಳ್ತದೆ ಸಾ?" ಎಂದರು ಸಣ್ಣಸ್ವಾಮಿ.

"ಹೊಳೇಲಿ ಈಜಿದ ಹಾಗೆ. ನೀರಿನ ಜೊತೆ ಸದ್ದು ಬೇಗ ಹೋಗುತ್ತೆ, ಎದುರಿಗೆ ನಿಧಾನ. ಆ ವ್ಯತ್ಯಾಸ ನೋಡಿ ಲೆಕ್ಕ ಹಾಕುತ್ತೆ" ಎಂದೆ. ತರಬೇತಿಯಲ್ಲಿ ನನಗೆ ಅರ್ಥವಾಗಿದ್ದು ಅಷ್ಟೇ; ಅದನ್ನೇ ಎಳೆ ಮಕ್ಕಳಿಗೆ ಹೇಳುವಂತೆ ಎರಡು ಸಲ ಹೇಳಿದೆ.

ಸೆನ್ಸರನ್ನು ಪೈಪಿನ ಪಕ್ಕೆಗೆ ಕೂರಿಸಬೇಕು, ನೆತ್ತಿಗೆ ಕೂಡದು. ಬಣ್ಣ ಉಜ್ಜಿ ಕಬ್ಬಿಣ ಕಾಣಿಸಬೇಕು ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿತ್ತು. ಒಂದು ಪಕ್ಕೆ ಗೋಡೆಗೆ ಅಂಟಿಕೊಂಡಿತ್ತು. ಇನ್ನೊಂದರಲ್ಲಿ, ಪ್ರತಿ ಆಯುಧಪೂಜೆಗೂ ಸಣ್ಣಸ್ವಾಮಿ ಬಳಿಯುತ್ತ ಬಂದಿದ್ದ ನೀಲಿ ಬಣ್ಣದ ಮೇಲೆ, ಬಿಳಿ ಪೇಂಟಿನ ಮೂರು ವಿಭೂತಿ ಪಟ್ಟೆ, ನಡುವೆ ಕೆಂಪು ಬೊಟ್ಟು. ನಾನೋ ಚನ್ನರಾಯಪಟ್ಟಣದ ಅರ್ಚಕರ ಮಗ. ಇಂಜಿನಿಯರಿಂಗ್ ಸೇರಿದ ವರ್ಷವೇ ದೇವರಿಲ್ಲವೆಂದು ಅಪ್ಪನೆದುರು ಸಾರಿದವನು. ಆಮೇಲೂ ಪುಳಿಯೋಗರೆ ಪ್ರಸಾದವನ್ನು ತಿಂಡಿಯೆಂದು ಹೆಸರಿಟ್ಟು ತಪ್ಪದೆ ತಿಂದವನು. ಕಬ್ಬಿಣ ಉಜ್ಜುವ ಅರ ಹಿಡಿದು ಪಟ್ಟೆಯ ಅಂಚಿನಲ್ಲಿ ಎರಡು ಸಲ ಉಜ್ಜಿದೆ. ಮೂರನೆಯ ಸಲಕ್ಕೆ ಕೈ ಏಳಲಿಲ್ಲ. ಭಯವೆಂದು ಒಪ್ಪಿಕೊಳ್ಳಲು ನಾಚಿಕೆ. "ಮೇಲೇ ಸರಿಬರುತ್ತೆ" ಎಂದು ಗಂಭೀರವಾಗಿ ಹೇಳಿ, ನೆತ್ತಿಯ ಬಣ್ಣ ಉಜ್ಜಿ ಅಲ್ಲೇ ಪಟ್ಟಿ ಬಿಗಿದೆ.

ಅಂಕಿಗಳು ಮೈಮೇಲೆ ಬಂದವರಂತೆ ಕುಣಿದವು. ನಡುನಡುವೆ ಎಲ್ಲಿ ನಿಂತವೋ ಅವನ್ನಷ್ಟೇ ಹೆಕ್ಕಿ ಬರೆದುಕೊಂಡೆ. ಇರಬೇಕಾದ ನೀರಿನಲ್ಲಿ ಅರ್ಧವೂ ಇರಲಿಲ್ಲ.

ಸಣ್ಣಸ್ವಾಮಿ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಅಂಗಾರೆ ನಾನು ಕಳ್ಳ ಅಂತಾಯ್ತು."

"ಮೀಟರ್ ಸುಳ್ಳು ಹೇಳಲ್ಲ" ಎಂದೆ. ಈ ಮಾತು ನೆನಪಾದಾಗಲೆಲ್ಲ ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಅವರು ಎದ್ದು, ಸ್ಪ್ಯಾನರಿನಿಂದ ಪೈಪಿನ ನೆತ್ತಿಗೆ ಬಡಿದರು. ಟೊಳ್ಳು ಸದ್ದು. ಪಕ್ಕೆಗೆ ಬಡಿದರು. ಗಟ್ಟಿ ಸದ್ದು. "ಸದ್ದು ನೀರ್ನಲ್ಲಿ ಈಜ್ತದೆ ಅಂದ್ರಲ್ಲ ಸಾ. ಬ್ಯಾಸ್ಗೇಲಿ ಒಳೆ ತಗ್ಗಿದಾಗ ಪಂಪು ಗಾಳೀನೂ ಎಳ್ಕತದೆ. ಗಾಳಿ ಮ್ಯಾಲ್ಗಡೆ ನಿಂತ್ಕತದೆ. ಅದ್ರಾಗೆ ಎಂಗ್ ಈಜಾದು?"

ಪಟ್ಟಿ ಬಿಚ್ಚಿ ಮತ್ತೆ ಅರ ಕೈಗೆತ್ತಿಕೊಂಡೆ. ಅಷ್ಟರಲ್ಲಿ ವಿಭೂತಿಯ ಅಂಚಿನ ಎರಡು ಗೀರು ಅವರ ಕಣ್ಣಿಗೆ ಬಿದ್ದವು. ಗೀರು ನೋಡಿದರು, ನನ್ನ ಮುಖ ನೋಡಿದರು, ನನ್ನ ಕೈಯಿಂದ ಅರ ತೆಗೆದುಕೊಂಡರು. ಚಪ್ಪಲಿ ಬಿಟ್ಟು, ಪೈಪು ಮುಟ್ಟಿ ಕಣ್ಣಿಗೊತ್ತಿಕೊಂಡು, ತಾವೇ ಬಳಿದ ವಿಭೂತಿಯನ್ನು ತಾವೇ ಉಜ್ಜತೊಡಗಿದರು.

"ಬೇಡ, ಸಣ್ಣಸ್ವಾಮಿಯವರೇ" ಎಂದು ನಾನು ತೊದಲಿದೆ. ದೇವರಿಲ್ಲವೆಂದವನು.

"ಬಣ್ಣ ಮತ್ತೆ ಬಳ್ಕಬೋದು ಸಾ. ನನ್ ಕೆಲ್ಸ ವೋದ್ರೆ ಬಳಿಯೋರ್ ಯಾರು?"

ಬೊಟ್ಟು ಇದ್ದ ಜಾಗದಲ್ಲಿ ಕಬ್ಬಿಣ ಹೊಳೆಯಿತು. ಜೆಲ್ ಬಳಿದು ಸೆನ್ಸರು ಕೂರಿಸಿದೆ. ಅಂಕಿ ಬಂದು ಅಲುಗದೆ ನಿಂತಿತು. ನೀರು ಪೂರ್ತಿ ಇತ್ತು. ಅದು ಸೋರುತ್ತಿದ್ದುದು ಮುಂದೆ ಎಲ್ಲೋ ದಾರಿಯಲ್ಲಿ ಎಂದು ಆಮೇಲೆ ತಿಳಿಯಿತು. ಸಣ್ಣಸ್ವಾಮಿ ಹೆಗಲ ಟವೆಲ್ಲಿನಿಂದ ಸೆನ್ಸರು ಒರೆಸಿಕೊಡುತ್ತ, "ಈ ಮುಲಾಮು ಮಂಡಿನೋವ್ಗೆ ಆಯ್ತದಾ?" ಎಂದು ಕೇಳಿದರು. ನಾನು ನಕ್ಕೆ. ಅವರು ನಿಜಕ್ಕೂ ಕೇಳಿದ್ದರು.

ವರದಿಯಲ್ಲಿ ನಾನು ಬರೆದದ್ದು ಹೀಗೆ: "ಸೆನ್ಸರಿನ ಸ್ಥಾನವನ್ನು ನಾನು ಬದಲಿಸಿ ಪರೀಕ್ಷಿಸಲಾಗಿ ಹರಿವು ಸರಿಯಿರುವುದು ಕಂಡುಬಂದಿದೆ." ಮೇಲಿನವರು ನನ್ನ ಬುದ್ಧಿವಂತಿಕೆಯನ್ನು ಮೆಚ್ಚಿಕೊಂಡರು. ಸಣ್ಣಸ್ವಾಮಿ ಖಾಯಂ ಆದರು, ನನಗೆ ಕೈಮುಗಿದು ಥ್ಯಾಂಕ್ಸ್ ಕೂಡ ಹೇಳಿದರು. ಅದನ್ನು ಸ್ವೀಕರಿಸಿ ಬಸ್ಸು ಹತ್ತಿದ ನನ್ನ ಮುಖ ಹೇಗಿದ್ದಿತೋ ಕಾಣೆ.

ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರಮ್ಮ ಹೊಟ್ಟೆಯನ್ನು ಅಲ್ಲಿ ಇಲ್ಲಿ ಒತ್ತಿ, ಪರದೆ ನೋಡಿ ಹುಬ್ಬು ಗಂಟಿಕ್ಕಿದರು. "ಸರಿಯಾಗಿ ಕಾಣ್ತಾ ಇಲ್ವಲ್ಲ."

"ಮೇಲ್ಗಡೆ ಗಾಳಿ ಇರುತ್ತೆ. ಪಕ್ಕೆಗೆ ಇಟ್ಟು ನೋಡಿ" ಎಂದು ಮಗ್ಗುಲಾದೆ.

ಅವರು ಇಟ್ಟು ನೋಡಿದರು. ಕಂಡಿತು, ಕಲ್ಲೂ ಕಂಡಿತು. "ಅಂಕಲ್, ನೀವು ಡಾಕ್ಟ್ರಾ?"

ಇಂಜಿನಿಯರ್ ಎನ್ನಲು ಬಾಯಿ ತೆರೆದೆ.

"ಇಲ್ಲಮ್ಮ. ಸಣ್ಣಸ್ವಾಮಿ ಅಂತ ಒಬ್ಬರು ಪಂಪ್ ಆಪರೇಟರ್ ಇದ್ರು. ಅವರ ಕೈಕೆಳಗೆ ಒಂದು ದಿನ ಕೆಲಸ ಮಾಡಿದ್ದೆ."