ಸಾರಿಸಿದ ನೆಲದ ಮೇಲೆ ಕೆಸರು

ಬೋರಕ್ಕ ಬೆಳಗಿನಿಂದ ಕುಳಿತಿರಲಿಲ್ಲ. ಮಂಡಕ್ಕಿ ಭಟ್ಟಿಯ ಬಾಗಿಲಿಂದ ಓಣಿಯ ತುದಿಗೆ, ಅಲ್ಲಿಂದ ಮತ್ತೆ ಬಾಗಿಲಿಗೆ. ಹಿರಿಯೂರಿನ ಆ ಓಣಿಗೆ ವೇದಾವತಿ ಹೊಳೆ ನುಗ್ಗಿ ಇಳಿದ ಮೇಲೆ ಅವಳ ಒಲೆ ಉರಿದಿಲ್ಲ. ಅಕ್ಕಿ ಚೀಲದಲ್ಲೇ ಕೊಳೆತಿತ್ತು, ಉರುವಲಿಗಿಟ್ಟ ಹೊಟ್ಟು ಹೊಳೆಯ ಪಾಲಾಗಿತ್ತು. ಅವಳಿಂದ ಮಂಡಕ್ಕಿ ಒಯ್ಯುತ್ತಿದ್ದ ಮಿರ್ಚಿ ಅಂಗಡಿಯವರು ಬೇರೆ ಭಟ್ಟಿ ಹುಡುಕತೊಡಗಿದ್ದರು. ದೀಪಾವಳಿಯೊಳಗೆ ಒಲೆ ಹೊತ್ತದಿದ್ದರೆ ಅವರು ಮತ್ತೆ ಇತ್ತ ತಲೆ ಹಾಕುವುದಿಲ್ಲ. ನೆರೆಗೆ ಸಿಕ್ಕ ಸಣ್ಣ ಅಂಗಡಿಗಳಿಗೆ ಬ್ಯಾಂಕು ಸಾಲ ಕೊಡುತ್ತಿತ್ತು. ಹಾನಿ ನೋಡಲು ಅಲ್ಲಿಂದ ಒಬ್ಬರು ಇವತ್ತು ಬರುವವರಿದ್ದರು.

ದೊಡ್ಡವರು ಬರುತ್ತಾರೆಂದರೆ ಏನು ಮಾಡಬೇಕೆಂದು ಬೋರಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಿನ್ನೆಯಿಡೀ ಕೆಸರು ಎತ್ತಿದಳು, ಕೊಳೆತದ್ದನ್ನು ತಿಪ್ಪೆಗೆ ಸುರಿದಳು, ಗೋಡೆಗೆ ಸುಣ್ಣ ಹೊಡೆದು ನೆಲ ಸಾರಿಸಿದಳು. ಬೆಳಿಗ್ಗೆ ರಂಗೋಲಿಯನ್ನೂ ಇಟ್ಟಳು. ಒಲೆಯೊಂದನ್ನು ಮಾತ್ರ ಮುಟ್ಟಲಿಲ್ಲ. ನೀರು ಹೊಕ್ಕ ಒಲೆಗೆ, ಮಂಡಕ್ಕಿ ಹುರಿಯಲು ಹೊಸ ಮರಳು ತಂದು ಪೂಜೆ ಮಾಡುವ ದಿನದವರೆಗೆ ಕೈ ಹಾಕಬಾರದೆಂಬುದು ಅತ್ತೆಯ ಕಾಲದ ನೇಮ. ಅದರ ಬಾಯಿಗೆ ತಗಡು ಮುಚ್ಚಿ ಮೇಲೊಂದು ಸೇವಂತಿಗೆ ಇಟ್ಟಿದ್ದಳು.

ಪಕ್ಕದ ಸೈಕಲ್ ಶಾಪಿನ ಕಾಟಲಿಂಗಪ್ಪ ತನ್ನ ಕೆಸರಿನ ನಡುವೆಯೇ ನಿಂತು ನಕ್ಕ.

"ಏನಕ್ಕ, ಹೆಣ್ಣು ನೋಡಕ್ಕೆ ಬರ್ತಾ ಅವ್ರಾ?"

"ಬಾಯ್ಮುಚ್ಚಲೇ. ಬಂದೋರ್ನ ಕೆಸರಾಗೆ ನಿಲ್ಲಿಸ್ಲಾ?"

"ಅವ್ರು ಬರ್ತಿರೋದೇ ಕೆಸರು ನೋಡಕ್ಕೆ ಕಣಕ್ಕ!"

ಬೋರಕ್ಕನ ಕಾಲು ಗಕ್ಕನೆ ನಿಂತಿತು. ಆಮೇಲೆ ಇನ್ನೂ ಬಿರುಸಾಯಿತು.

ಬ್ಯಾಂಕಿನ ನಿರಂಜನ್ ಬಂದಾಗ ಬಿಸಿಲು ಏರಿತ್ತು. ಮೂಗಿಗೆ ಕರ್ಚೀಫು ಹಿಡಿದು ಸೈಕಲ್ ಶಾಪಿನ ಫೋಟೋ ತೆಗೆದುಕೊಂಡು, ರಂಗೋಲಿ ದಾಟಿ ಭಟ್ಟಿಯೊಳಗೆ ಬಂದ.

"ಇಲ್ಲಿಗೂ ನೀರು ಬಂದಿತ್ತೇನಮ್ಮ?"

"ಎದೆಮಟ ಬಂದಿತ್ತು ಸಾರ್."

"ಗುರುತೇ ಇಲ್ವಲ್ಲ. ಫೋಟೋದಲ್ಲಿ ಹಾನಿ ಕಾಣದಿದ್ರೆ ಮ್ಯಾನೇಜರು ಒಪ್ಪಲ್ಲಮ್ಮ."

ಕಾಟಲಿಂಗಪ್ಪ ಬಾಗಿಲಿಂದಲೇ ಕೂಗಿದ: "ನಾನೇ ಸಾಕ್ಷಿ ಸಾರ್. ಈ ಅಕ್ಕನ ಮೊರ ನನ್ನಂಗಡಿಗೆ ತೇಲ್ಕಂಡು ಬಂದಿತ್ತು."

"ಅದರ ಫೋಟೋ ಇದ್ಯಾ?"

ನಿರಂಜನ್ ಮೊಬೈಲನ್ನು ಜೇಬಿಗೆ ಇಳಿಸಿದ.

ಬೋರಕ್ಕ ಒಲೆಯ ಮುಂದೆ ಕ್ಷಣ ನಿಂತಳು. ಸೇವಂತಿಗೆಯನ್ನು ಕಣ್ಣಿಗೊತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಗಡು ಸರಿಸಿದಾಗ ಹೊಳೆಯ ನಾತ ಗಪ್ಪನೆ ಎದ್ದಿತು. ತೋಳಿನವರೆಗೆ ಕೈ ಇಳಿಸಿ, ಕರಿ ಕೆಸರು ಬಾಚಿ, ಸಾರಿಸಿದ ನೆಲದ ಮೇಲೆ ಹಾಕಿದಳು. ಮತ್ತೆ ಬಾಚಿದಳು.

"ತಗೀರಿ ಸಾರ್ ಈಗ."

ನಿರಂಜನ್ ಮೊಬೈಲು ಹೊರತೆಗೆದ. "ಇನ್ನೊಂದು ಸಲ ಬಾಚಮ್ಮ. ಕೈ ಕಾಣ್ಲಿ."

ಹೊರಡುವಾಗ ಅವನು, "ಸಾಲ ಆಗತ್ತೆ ಅಂತ ನಾನು ಹೇಳೋ ಹಾಗಿಲ್ಲ. ಮ್ಯಾನೇಜರೇ ಬಂದು ನೋಡಿದರೂ ನೋಡಬಹುದು," ಎಂದ. ಬೈಕು ಓಣಿ ದಾಟಿತು.

"ಇನ್ನಾದ್ರೂ ಕುಂತ್ಕಳಕ್ಕ," ಎಂದ ಕಾಟಲಿಂಗಪ್ಪ.

ಬೋರಕ್ಕ ಪೊರಕೆ ಎತ್ತಿಕೊಂಡಳು. ನೆಲದ ಕೆಸರಿನ ಹತ್ತಿರ ಬಂದು ನಿಂತಳು. ಪೊರಕೆಯನ್ನು ಮತ್ತೆ ಮೂಲೆಗಿಟ್ಟು, ತೋಳಿನ ಕೆಸರನ್ನೂ ತೊಳೆಯದೆ, ಓಣಿಯ ತುದಿಗೆ ನಡೆದಳು.