ಹಾಜರಿ ಪುಸ್ತಕದಲ್ಲಿ ಮಾತ್ರ ಇದ್ದ ಟೀಚರ್

2007ರ ಜನವರಿಯ ಒಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ ನಾನು ತಾಲ್ಲೂಕು ಶಿಕ್ಷಣ ಕಚೇರಿಯಲ್ಲಿ ನಮ್ಮ ಮೇಲಧಿಕಾರಿಯ ಕೋಣೆಯಲ್ಲಿ, ಅವರ ಮೇಜಿನಿಂದ ಮೂರು ಹೆಜ್ಜೆ ದೂರದಲ್ಲಿ, ಕಡತಗಳ ಬೀರುವಿಗೆ ಬೆನ್ನು ತಾಗಿಸಿ ನಿಂತಿದ್ದೆ. ನನ್ನ ಎಡಕ್ಕೆ ಶಾಂತಾ ಟೀಚರ್ ನಿಂತಿದ್ದರು. ಕುಳಿತುಕೊಳ್ಳಿ ಎಂದು ಯಾರೂ ಹೇಳಲಿಲ್ಲ.

ಆಗ ನಾನು ಮಲೆನಾಡಿನ ಶೆಟ್ಟಿಕೊಪ್ಪದಿಂದ ಒಳಕ್ಕೆ ನಾಲ್ಕು ಕಿಲೋಮೀಟರ್ ನಡೆಯಬೇಕಾದ ಒಂದು ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕ. ಐದು ತರಗತಿ, ಮೂವತ್ತೊಂದು ಮಕ್ಕಳು, ಇಬ್ಬರೇ ಶಿಕ್ಷಕರು. ಉತ್ತರದ ಜಿಲ್ಲೆಗಳಿಂದ ನೇಮಕವಾಗಿ ಬಂದವರು ನಮ್ಮಲ್ಲಿ ನಿಲ್ಲುವುದು ಅಪರೂಪ. ಬಂದ ದಿನದಿಂದಲೇ ಪರಸ್ಪರ ವರ್ಗಾವಣೆಗೆ, ಅಂದರೆ ಜಾಗ ಬದಲಿಸಿಕೊಳ್ಳಲು ಒಪ್ಪುವ ಇನ್ನೊಬ್ಬ ಶಿಕ್ಷಕರಿಗಾಗಿ, ಹುಡುಕುತ್ತಾರೆ. ಅವರನ್ನು ನಾನು ದೂರುವುದಿಲ್ಲ. ವಿಜಾಪುರದ ಕಡೆಯ ಶಾಂತಾ 2003ರಲ್ಲಿ ಬಂದರು. 2006ರ ಬೇಸಿಗೆಯಲ್ಲಿ ಅಂಥ ಒಬ್ಬರು ತಾವಾಗಿಯೇ ಸಿಕ್ಕರೂ ಶಾಂತಾ ವರ್ಗಾವಣೆಯ ಅರ್ಜಿಗೆ ಸಹಿ ಹಾಕಲಿಲ್ಲ.

"ಈ ಹುಡುಗ್ರು ಈಗಷ್ಟ ಓದಾಕ ಹತ್ಯಾವ್ರಿ ಸರ್. ನಡುವ ಬಿಟ್ಟು ಹೆಂಗ ಹೋಗ್ಲಿ?" ಎಂದರು.

ಜುಲೈನಲ್ಲಿ ಕಚೇರಿಯಿಂದ ಫೋನ್ ಬಂತು. "ನಿಮ್ಮ ಟೀಚರಿಗೆ ಕಂಪ್ಯೂಟರ್ ಬರ್ತದಂತಲ್ಲ. ಹದಿನೈದು ದಿನ ಕಳಿಸಿ." ಲಿಖಿತ ಆದೇಶವಿಲ್ಲ. ನಾನು ಕೇಳಲೂ ಇಲ್ಲ, ಕಳಿಸಿದೆ.

ಇದಕ್ಕೆ ಓಓಡಿ ಎನ್ನುತ್ತಾರೆ, ಅನ್ಯ ಕಾರ್ಯ ನಿಮಿತ್ತ. ಶಿಕ್ಷಕರು ಕಚೇರಿಯಲ್ಲಿ ಪಟ್ಟಿ ಟೈಪ್ ಮಾಡುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ದಿನವೂ ಆ ಮೂರು ಅಕ್ಷರ ಬೀಳುತ್ತದೆ. ಕಾಗದದ ಮೇಲೆ ಹುದ್ದೆ ಭರ್ತಿಯಾಗಿರುವುದರಿಂದ ಬೇರೆ ಶಿಕ್ಷಕರನ್ನು ಕೊಡುವುದಿಲ್ಲ. ಪ್ರತಿ ತಿಂಗಳ ವರದಿಯಲ್ಲಿ "ಖಾಲಿ ಹುದ್ದೆ: ಇಲ್ಲ" ಎಂದು ನನ್ನ ಕೈಯಿಂದಲೇ ಬರೆದೆ. ಐದು ತರಗತಿಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿದೆ. ಬಿಸಿಯೂಟದ ಗಿರಿಜಮ್ಮ ನವೆಂಬರಿನಲ್ಲಿ ಕೇಳಿದರು: "ಎಂತ ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ಹದಿನೈದು ದಿನ ಅಂದ್ರೆ ಎಷ್ಟು ದಿನ ಮಾರಾಯ್ರೆ?" ಅಷ್ಟರಲ್ಲಿ ಶಾಂತಾ ಓದಲು ಕಲಿಸಿದ್ದ, ಈಗ ಮೂರನೇ ತರಗತಿಯಲ್ಲಿದ್ದ ಮಕ್ಕಳು ಪಾಠವನ್ನು ಬಾಯಿಪಾಠ ಒಪ್ಪಿಸುತ್ತಿದ್ದರು, ನಡುವಿನ ಒಂದು ಪದ ತೋರಿಸಿದರೆ ಓದಲಾಗದೆ ನನ್ನ ಮುಖ ನೋಡುತ್ತಿದ್ದರು.

ಜನವರಿಯಲ್ಲಿ ಶಾಂತಾ ತಮ್ಮನ್ನು ಶಾಲೆಗೆ ವಾಪಸ್ ಕಳಿಸಿ ಎಂದು ತಾವೇ ಅರ್ಜಿ ಬರೆದು, ಜೊತೆಗೆ ಬನ್ನಿ ಎಂದು ನನ್ನನ್ನು ಕರೆದರು. ಅಧಿಕಾರಿ ಅರ್ಜಿಯನ್ನು ಓದದೆ ಪಕ್ಕಕ್ಕಿಟ್ಟರು.

"ಎಲ್ಲರೂ ಇಲ್ಲಿಗೆ ಹಾಕಿಸ್ಕೊಡಿ ಅಂತ ಕೈ ಮುಗೀತಾರೆ. ಫ್ಯಾನಿದೆ, ಕುರ್ಚಿಯಿದೆ, ಬಾಗಿಲಿಗೇ ಬಸ್ಸು. ನಿಮಗೆ ಇನ್ನೇನಮ್ಮ ಬೇಕು?"

"ನನಗ ಮೂರನೇ ಕ್ಲಾಸ್ ಬೇಕ್ರಿ ಸರ್."

ಟೀ ಇಡಲು ಬಂದಿದ್ದ ಅಟೆಂಡರ್ ಧರ್ಮಪ್ಪ ಲೋಟ ಹಿಡಿದುಕೊಂಡೇ ನಿಂತರು. ಅಧಿಕಾರಿ ನಕ್ಕು ನನ್ನತ್ತ ತಿರುಗಿದರು. "ಏನ್ ಮೇಷ್ಟ್ರೇ, ಶಾಲೆಗೆ ತೊಂದ್ರೆ ಆಗ್ತಿದ್ಯಾ?"

ನಮ್ಮ ಕಡೆ ಮೇಲಿನವರು ಹೀಗೆ ಕೇಳಿದರೆ ಹೇಳುವ ಉತ್ತರ ಒಂದೇ. ಅದು ಮರ್ಯಾದೆ ಎಂದೇ ನಾವು ಕಲಿತಿದ್ದೇವೆ. ನಾನೂ ಅದನ್ನೇ ಹೇಳಿದೆ.

"ಇಲ್ಲ ಸರ್, ಹ್ಯಾಗೋ ಸುಧಾರಿಸ್ತಿದೀನಿ."

"ಕೇಳಿದ್ರಲ್ಲ?" ಎಂದರು ಅವರು ಶಾಂತಾಗೆ.

ಶಾಂತಾ ನನ್ನನ್ನು ಬೈಯಲಿಲ್ಲ. ಹೊರಗೆ ಮೆಟ್ಟಿಲ ಬಳಿ ಇಷ್ಟೇ ಹೇಳಿದರು: "ನಾ ಇಲ್ದ ನಡೀತದ ಅಂದ ಮ್ಯಾಲೆ ನಾ ಯಾಕ ಇರ್ಲಿ, ಸರ್?" ಆ ಬೇಸಿಗೆಯಲ್ಲಿ ಪರಸ್ಪರ ವರ್ಗಾವಣೆಗೆ ಸಹಿ ಹಾಕಿ ಊರಿಗೆ ಹೋದರು. ಅವರ ಜಾಗಕ್ಕೆ ಬಂದವರು ನಮ್ಮ ಶಾಲೆಯಲ್ಲಿ ಪಾಠ ಮಾಡಿದ್ದು ಹನ್ನೊಂದು ದಿನ. ಹನ್ನೆರಡನೆಯ ದಿನ ಅವರನ್ನೂ ಕಚೇರಿಗೆ ಕರೆಸಿಕೊಂಡರು.

ಮಲೆನಾಡಿನಲ್ಲಿ ಶಿಕ್ಷಕರು ಯಾಕೆ ನಿಲ್ಲುವುದಿಲ್ಲ ಎಂಬುದರ ಬಗ್ಗೆ ಆಮೇಲೆ ಎಷ್ಟೋ ಸಭೆಗಳಲ್ಲಿ ಕುಳಿತೆ. ಮಳೆ ಎಂದರು, ಜಿಗಣೆ ಎಂದರು, ಬಸ್ಸಿಲ್ಲ ಎಂದರು. ನಿಂತಿದ್ದವರನ್ನು ನಾವೇ ಕಳಿಸಿದೆವು ಎಂದು ಒಬ್ಬರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅದರ ಕೋಪ ನನ್ನಲ್ಲಿ ಇನ್ನೂ ಆರಿಲ್ಲ. ಅದರಲ್ಲಿ ಅರ್ಧ ನನ್ನ ಮೇಲಿನದೇ. ತೊಂದರೆ ಇದೆಯೇ ಎಂದು ಕೇಳಿದಾಗ ಇದೆ ಎನ್ನುವುದೂ ಮುಖ್ಯ ಶಿಕ್ಷಕನ ಕೆಲಸ ಎಂದು ನನಗೆ ತಿಳಿದದ್ದು ಶಾಂತಾ ಹೋದ ಮೇಲೆ.

ಆ ಅಧಿಕಾರಿ ತೀರಿಕೊಂಡಿದ್ದಾರೆ. ಧರ್ಮಪ್ಪ ಕಡಹಿನಬೈಲಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಶಾಂತಾ ತಮ್ಮ ಜಿಲ್ಲೆಯಲ್ಲಿ ಇನ್ನೂ ಪಾಠ ಮಾಡುತ್ತಿದ್ದಾರೆ. ಇಲ್ಲಿ ಒಂದು ಮಾತು ಹೆಚ್ಚುಕಡಿಮೆಯಾಗಿದ್ದರೂ ತಿದ್ದಲು ಅವರಿಬ್ಬರಿದ್ದಾರೆ.