ಊಟ ಬಿಟ್ಟು ತಿಂಡಿ ತಿಂದದ್ದು

ಮೊದಲು ಊದಿಕೊಂಡದ್ದು ನನ್ನ ತಮ್ಮ ರವೀಶನ ಪಾದ. ಚಪ್ಪಲಿ ಬಿಗಿಯಾಯಿತೆಂದು ಹೊಸದು ಕೊಂಡ. ಅದೂ ಬಿಗಿಯಾಯಿತು. ಕೊಪ್ಪದ ಡಾಕ್ಟರು ರಿಪೋರ್ಟ್ ನೋಡಿ, ಇವತ್ತೇ ಮಂಗಳೂರಿಗೆ ಹೊರಡಿ ಎಂದರು. ಎರಡೂ ಕಿಡ್ನಿ ಹೆಚ್ಚುಕಡಿಮೆ ನಿಂತೇಹೋಗಿದ್ದವು; ಮೂತ್ರ ಹೋಗುವುದೂ ನಿಲ್ಲುತ್ತ ಬಂದಿತ್ತು.

ಡಯಾಲಿಸಿಸ್ ಶುರುವಾಯಿತು. ಮನೆಯವರು ಯಾರಾದರೂ ಕಿಡ್ನಿ ಕೊಟ್ಟರೆ ಒಳ್ಳೆಯದು ಎಂದು ಮಂಗಳೂರಿನ ಡಾಕ್ಟರು ಹೇಳಿದರು. ಅವನಿಗೆ ಮದುವೆಯಾಗಿಲ್ಲ. ಅಪ್ಪ ಅಮ್ಮ ತೀರಿಕೊಂಡಿದ್ದಾರೆ. ಉಳಿದವಳು ನಾನು. ಬ್ಲಡ್ ಗ್ರೂಪ್ ಹೊಂದಿತು, ಮ್ಯಾಚಿಂಗ್ ಕೂಡ ಸರಿಬಂತು. ಆಮೇಲೆ ನೆಫ್ರಾಲಜಿಸ್ಟ್ ನನ್ನ ಫೈಲ್ ಮುಚ್ಚಿಟ್ಟರು.

"ಸದ್ಯಕ್ಕೆ ನಿಮ್ಮ ಕಿಡ್ನಿ ತೆಗೆಯೋಕೆ ಆಗಲ್ಲ."

ನನ್ನ ತೂಕ ಎಂಬತ್ತಾರು ಕೆಜಿ. ಶುಗರ್ ಬಾರ್ಡರಿನಲ್ಲಿತ್ತು. ಹೀಗಿದ್ದವರು ಒಂದೇ ಕಿಡ್ನಿ ಇಟ್ಟುಕೊಂಡರೆ ಮುಂದೆ ಅವರೇ ರೋಗಿಯಾಗಬಹುದು ಎಂದು ಅವರು ನಿಧಾನವಾಗಿ ವಿವರಿಸಿದರು. ಹತ್ತು ಕೆಜಿಯಾದರೂ ಇಳಿಯಬೇಕು. "ದಿನಾ ನಡೀರಿ. ಹೋಟೆಲ್ ಊಟ ಬಿಡಿ. ಲೈಟಾಗಿ ತಿನ್ನಿ."

ನಾನು ವಕೀಲೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ಕಡೆಯ ಕೋರ್ಟಿಗೆ ಓಡಾಡುವವಳು. ಮಧ್ಯಾಹ್ನದ ಊಟ ಬಹುತೇಕ ಹೋಟೆಲಿನಲ್ಲೇ. ಅದನ್ನು ಕಟ್ಟುನಿಟ್ಟಾಗಿ ನಿಲ್ಲಿಸಿದೆ. ಶೃಂಗೇರಿಯಲ್ಲಿ ಮಸಾಲೆ ದೋಸೆ ತಿಂದೆ. ನರಸಿಂಹರಾಜಪುರದಲ್ಲಿ ಬನ್ಸ್. ಕೊಪ್ಪದಲ್ಲಿ ಪೂರಿ. ಸಂಜೆ ತಲೆ ಸುತ್ತಿದಂತಾದರೆ ಚಹಾದ ಜೊತೆ ಗೋಳಿಬಜೆ. ರಾತ್ರಿ ಮನೆಯಲ್ಲಿ ಅವಲಕ್ಕಿ.

ಊಟ ಮಾತ್ರ ಮುಟ್ಟಲಿಲ್ಲ.

ಓದುವವರಿಗೆ ನಗು ಬರಬಹುದು. ಆದರೆ ನಾವು ಶನಿವಾರ ರಾತ್ರಿ ಅನ್ನ ಬಿಟ್ಟು, ಹೊಟ್ಟೆ ತುಂಬ ಉಪ್ಪಿಟ್ಟು ತಿಂದು, ಒಪ್ಪೊತ್ತು ಮಾಡಿದೆವು ಎನ್ನುವ ಮನೆಯವರು. ಅನ್ನ ಬಡಿಸಿಕೊಂಡರೆ ಊಟ, ಮಿಕ್ಕದ್ದೆಲ್ಲ ಲೈಟ್. ಪ್ರತಿಯೊಂದು ಶಬ್ದವನ್ನೂ ಹಿಂಜಿ ವಾದ ಮಾಡುವ ನಾನು 'ಊಟ' ಎಂಬ ಈ ಒಂದು ಶಬ್ದವನ್ನು ತಡೆದು ಕೇಳಲಿಲ್ಲ.

ಎರಡು ತಿಂಗಳ ನಂತರ ಆಸ್ಪತ್ರೆಯ ತೂಕದ ಯಂತ್ರ ಎಂಬತ್ತೇಳು ತೋರಿಸಿತು.

ಡಯಟಿಷಿಯನ್ ಚಿಕ್ಕ ಪ್ರಾಯದವರು. "ಮಧ್ಯಾಹ್ನ ಏನು ತಗೊಳ್ತೀರ?" ಎಂದು ಕೇಳಿದರು.

"ಊಟ ಪೂರ್ತಿ ಬಿಟ್ಟಿದ್ದೇನೆ. ಬರೀ ತಿಂಡಿ."

"ಯಾವ ತಿಂಡಿ?"

"ದೋಸೆ. ಮಸಾಲೆ ದೋಸೆ. ಒಂದೊಂದ್ಸಲ ಎರಡು."

ಅವರು ಪೆನ್ನು ಕೆಳಗಿಟ್ಟರು. "ಮೇಡಂ, ದೋಸೆಗೆ ಹಾಕೋದೂ ಅಕ್ಕೀನೇ ಅಲ್ವಾ? ಮೇಲಿಂದ ಎಣ್ಣೆ, ಒಳಗೆ ಆಲೂಗಡ್ಡೆ."

ಪಕ್ಕದಲ್ಲಿದ್ದ ರವೀಶ ಬಿದ್ದು ಬಿದ್ದು ನಕ್ಕ. "ಎಂತ ಮಾರಾಯ್ತಿ ಅಕ್ಕ! ಕೇಸು ಹಿಂಗೇ ನಡೆಸ್ತೀಯಾ?" ನಾನೂ ನಕ್ಕೆ. ಹೋಟೆಲಿನಲ್ಲಿ ಊಟವನ್ನೇ ಮಾಡಿ, ಅನ್ನ ಅರ್ಧ ಹಾಕಿಸಿಕೊಂಡು ಪಲ್ಯ ಎರಡರಷ್ಟು ಕೇಳಿ, ಹಪ್ಪಳ ಪಾಯಸ ಬೇಡ ಎಂದು ಡಯಟಿಷಿಯನ್ ತಿಳಿಸಿದರು.

ಊರಿಗೆ ವಾಪಸಾಗುವಾಗ ಕಾರು ಕೆರೆಕಟ್ಟೆ ದಾಟಿತ್ತು. ರವೀಶನ ಬೆರಳುಗಳು ಎಡಗೈಯ ಫಿಸ್ಟುಲಾ, ಡಯಾಲಿಸಿಸ್ ಸೂಜಿ ಚುಚ್ಚುವ ಉಬ್ಬಿದ ನರದ ಮೇಲಿದ್ದವು. "ಆಗ್ದಿದ್ರೆ ಬಿಡು ಅಕ್ಕ," ಎಂದ. "ಡಯಾಲಿಸಿಸ್ಸಲ್ಲೇ ಎಷ್ಟು ಜನ ಬದುಕಿಲ್ಲ?"

ನಾನು ಹಾಳುಮಾಡಿದ ಎರಡು ತಿಂಗಳು ನನ್ನದಲ್ಲ, ಅವನದು.

ಮರುದಿನ ಕೊಪ್ಪದಲ್ಲಿ, ಕೋರ್ಟಿನ ಹತ್ತಿರದ ಹೋಟೆಲಿಗೆ ಹೋದೆ. ಮಾಲೀಕರು ಶೇಷಣ್ಣ. ಬಡಿಸುವುದೂ ಅವರೇ. ಅರ್ಧ ಅನ್ನ ಸಾಕು ಎಂದೆ. ಅವರು ಪೂರ್ತಿ ಹಾಕಿದರು. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ. ಬೆರಳಿನ ಸಂದಿಯಿಂದ ಇನ್ನಷ್ಟು ಬಿತ್ತು.

"ಎಂತ ಲಾಯರಮ್ಮ, ಅಡುಗೆ ಸರಿ ಇಲ್ವಾ?"

ನಮ್ಮ ಕಡೆ ಬಡಿಸುವವರಿಗೆ 'ಸಾಕು' ಎಂಬುದು ಬರೀ ನಾಚಿಕೆಯ ಮಾತು. ಬೇರೆ ದಾರಿ ಕಾಣದೆ ನಿಜ ಹೇಳಿದೆ. ತಮ್ಮನಿಗೆ ಕಿಡ್ನಿ ಕೊಡಬೇಕು, ತೂಕ ಇಳಿಯದೆ ತೆಗೆದುಕೊಳ್ಳುವುದಿಲ್ಲ.

ಶೇಷಣ್ಣ ಸೌಟು ಹಿಡಿದೇ ನಿಂತರು. ನಂತರ ಅಡುಗೆಮನೆಗೆ ಕೇಳುವಂತೆ ಕೂಗಿದರು: "ಇವ್ರಿಗೆ ಪಲ್ಯ ಎರಡು, ಅನ್ನ ಅರ್ಧ! ನೀರುಮಜ್ಜಿಗೆ ಮೊದಲು ಕೊಡಿ!"

ಕೂಗು ಇಡೀ ಹೋಟೆಲಿಗೆ ಕೇಳಿಸಿತು. ಸುದ್ದಿ ಮೂರೂ ಕೋರ್ಟಿಗೆ ಹೋಯಿತು. ಒಂದು ದಿನ ಶೃಂಗೇರಿಯಲ್ಲಿ ಸಂಜೆ ಬಜೆಯ ತಟ್ಟೆಗೆ ಕೈ ಹಾಕಿದ್ದೆ. ನನ್ನ ಎದುರು ಪಾರ್ಟಿ, ಪಾಟೀಸವಾಲಿನಲ್ಲಿ ನಾನು ಬೆವರಿಳಿಸಿದ್ದ ಮುದುಕರು, ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. "ಕೇಸಲ್ಲಿ ಎಂತ ಬೇಕಾದ್ರೂ ಮಾಡಿ ಮೇಡಂ. ಇದು ಮಾತ್ರ ಬೇಡ."

ತೂಕ ನಿಧಾನವಾಗಿ ಇಳಿಯಿತು. ನಡುವೆ ಒಮ್ಮೆ ಹಲವು ವಾರ ಮುಳ್ಳು ಅಲುಗಲಿಲ್ಲ; ಆ ದಿನಗಳಲ್ಲಿ ಹಸಿವಿಗಿಂತ ರವೀಶನ ಮುಖ ನೋಡುವುದೇ ಕಷ್ಟವಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಎಪ್ಪತ್ತಾರಕ್ಕೆ ಬಂದೆ. ಶುಗರ್ ನಾರ್ಮಲ್. ನೆಫ್ರಾಲಜಿಸ್ಟ್ ಫೈಲನ್ನು ಎರಡು ಸಲ ಓದಿ, ಸಹಿ ಹಾಕಿದರು.

ಆಪರೇಷನ್ ಆಯಿತು. ನನ್ನ ಹೊಟ್ಟೆಯ ಗಾಯ ಒಣಗಿದೆ, ಕೆಮ್ಮಿದರೆ ಮಾತ್ರ ನೆನಪಾಗುತ್ತದೆ. ಅವನು ಮಾಸ್ಕ್ ಹಾಕಿಕೊಂಡು ಮನೆಯೊಳಗೇ ಓಡಾಡುತ್ತಾನೆ. ಮಾತ್ರೆ ಜೀವಮಾನವಿಡೀ. ಅವನ ದೇಹ ನನ್ನದನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತದೋ ಯಾರೂ ಹೇಳಿಲ್ಲ, ನಾವೂ ಕೇಳಿಲ್ಲ.

ಹೋದ ವಾರ ಮತ್ತೆ ಕೋರ್ಟಿಗೆ ಹೋದೆ. ಹೋಟೆಲಿನ ಬಾಗಿಲಲ್ಲೇ ಶೇಷಣ್ಣ ಕೇಳಿದರು. "ತಮ್ಮ ಹೆಂಗಿದ್ದಾರೆ?"

"ಚೆನ್ನಾಗಿ ಒಂದಕ್ಕೆ ಹೋಗ್ತಿದ್ದಾನೆ," ಎಂದುಬಿಟ್ಟೆ.

ಊಟ ಮಾಡುತ್ತಿದ್ದವರೆಲ್ಲ ತಲೆಯೆತ್ತಿದರು. ನಾನು ಎಲ್ಲಿ ನಿಂತಿದ್ದೇನೆಂದು ಆಗ ಅರಿವಾಯಿತು. ಆದರೆ ಮಾತು ಹಿಂದೆ ತೆಗೆದುಕೊಳ್ಳಬೇಕೆನಿಸಲಿಲ್ಲ. ಆ ಹೊತ್ತಿಗೆ ಅದಕ್ಕಿಂತ ದೊಡ್ಡ ಸುದ್ದಿ ನನ್ನ ಬಳಿ ಇರಲಿಲ್ಲ.

ಶೇಷಣ್ಣ ಹೆಗಲ ಮೇಲಿನ ಬಟ್ಟೆಯಿಂದ ಮೂಲೆಯ ಟೇಬಲ್ ಒರೆಸಿದರು.

"ಅಷ್ಟಾದ್ರೆ ಸಾಕಲ್ಲ ಮಾರಾಯ್ರೆ," ಎಂದರು. "ಕೂತ್ಕಳಿ."